ಹದಿನೇಳರ ಪ್ರೀತಿಯೂ ಇಪ್ಪತ್ತು ವರ್ಷದ ಶಿಕ್ಷೆಯೂ

ನಮ್ಮ ನಂಜನಗೂಡು ಸೀಮೆಯಲ್ಲಿ ಪ್ರೀತಿಸಿದವರ ಕಥೆ ಹೇಳಲು ಹೊರಟರೆ ಮೊದಲು ಬರುವವನು ನಂಜುಂಡೇಶ್ವರನೇ. ಮನೆಯಲ್ಲಿ ಹೆಂಡತಿಯರಿದ್ದೂ ಅವನು ಕಪಿಲೆ ದಾಟಿ ಬೆಟ್ಟದ ಚಾಮುಂಡಿಯ ಹಿಂದೆ ಹೋದ ಕಥೆಯನ್ನು ನಮ್ಮ ಜನಪದ ಗಾಯಕರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಪೂರ್ವಕ್ಕೆ ಹೊರಟರೆ ಬಿಳಿಗಿರಿಯ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಗೆ ಮನಸೋತು ಆ ಕುಲಕ್ಕೇ ಭಾವನಾದ ಕಥೆ ಸಿಗುತ್ತದೆ. ದೇವರು ಬೆಟ್ಟ ಹತ್ತಿದ, ಕುಲ ದಾಟಿದ, ಬೈಸಿಕೊಂಡ ಎಂಬ ಕಥೆಗಳನ್ನು ಮಕ್ಕಳು ಮರಿಗಳೊಂದಿಗೆ ಜಗುಲಿಯಲ್ಲಿ ಕೂತು ಕೇಳಿ ನಕ್ಕು ಅತ್ತ ಜನ ನಾವು. ಅದೇ ಜಗುಲಿಯ ಮನೆಯ ಪಿಯುಸಿ ಓದುವ ಹುಡುಗಿ ಪಕ್ಕದ ಬೀದಿಯ ಹುಡುಗನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತ ನಿಂತಿದ್ದಳು ಎಂಬ ಸುದ್ದಿ ಬಂದರೆ ಮಾತ್ರ ಮನೆಯ ಒಲೆ ಹೊತ್ತುವುದಿಲ್ಲ.

ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಲ್ಲಿ ಈಗ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂರುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಪಟ್ಟಣದ ಕಾಲೇಜಿಗೆ ಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಟಿಕೆಟ್ಟಿಗೂ ದುಡ್ಡಿಲ್ಲ. ಓದು ಬಿಟ್ಟ ಹುಡುಗರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೋ ಮೈಸೂರಿನ ಅಂಗಡಿಗಳಿಗೋ ಹೋಗುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲಿದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ, ಮಾತಾಡುವ, ಮೆಚ್ಚುವ ಅವಕಾಶ ಹಿಂದೆಂದೂ ಇಷ್ಟಿರಲಿಲ್ಲ. ನನಗೆ ಇದರಲ್ಲಿ ಬೇಸರವಿಲ್ಲ, ಸಂತೋಷವಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಹದಿನೇಳರ ಹೆಣ್ಣು ಆಗಲೇ ಕಂಕುಳಲ್ಲಿ ಕೂಸು ಹೊತ್ತಿರುತ್ತಿದ್ದಳು. ಈಗ ಅವಳ ಹೆಗಲ ಮೇಲೆ ಪುಸ್ತಕದ ಚೀಲವಿದೆ. ಆ ಚೀಲದ ಜೊತೆಗೆ ಒಂದಿಷ್ಟು ಆಸೆಯೂ ಬರುತ್ತದೆ. ಆ ವಯಸ್ಸೇ ಹಾಗೆ.

ಒಂದು ದಿನ ಆ ಹುಡುಗಿ ಸಂಜೆ ಮನೆಗೆ ಬರಲಿಲ್ಲ ಎಂದಿಟ್ಟುಕೊಳ್ಳಿ. ರಾತ್ರಿಯೆಲ್ಲ ನೆಂಟರಿಷ್ಟರ ಮನೆಗಳಿಗೆ ಫೋನು ಹೋಗುತ್ತದೆ. ಬೆಳಗಾದ ಮೇಲೆ ಅಪ್ಪ ಅಮ್ಮ ಊರಿನ ಯಜಮಾನರೊಬ್ಬರನ್ನು ಜೊತೆಗೆ ಕರೆದುಕೊಂಡು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ.

“ಸಾ, ನನ್ ಮಗ್ಳು ನಿನ್ನೆಯಿಂದ ಕಾಣ್ತಿಲ್ಲ ಸಾ.”

“ಎಷ್ಟಮ್ಮ ವಯಸ್ಸು?”

“ಹದಿನೇಳು ತುಂಬೈತೆ ಸಾ.”

“ಯಾರ ಮೇಲಾದ್ರೂ ಅನುಮಾನ ಉಂಟಾ?”

ಈ ಕೊನೆಯ ಪ್ರಶ್ನೆಗೆ ಆ ತಾಯಿ ಕೊಡುವ ಉತ್ತರದಲ್ಲಿ ಇಬ್ಬರು ಮಕ್ಕಳ ಮುಂದಿನ ಬದುಕು ನಿಂತಿರುತ್ತದೆ. ಹುಡುಗನ ಹೆಸರು ಬಾಯಿಗೆ ಬಂದರೆ ಮೊದಲು ಅಪಹರಣದ ಕೇಸು. ಹದಿನೆಂಟರೊಳಗಿನ ಮಗುವನ್ನು ಪೋಷಕರ ಕೈಯಿಂದ ಕರೆದೊಯ್ದರೆ ಅದು ಅಪಹರಣವೇ. ಮಗು ಇಷ್ಟಪಟ್ಟು ಹೋಗಿತ್ತೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರೂ ಸಿಕ್ಕ ಮೇಲೆ ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ, ಅದರ ಹಿಂದೆಯೇ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ. ಹುಡುಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಂತು, ಅಲ್ಲಿಂದ ಮೈಸೂರಿನ ಬಾಲಮಂದಿರಕ್ಕೆ ಹೋಗುತ್ತಾಳೆ. ಹುಡುಗನಿಗೆ ಹದಿನೆಂಟು ತುಂಬಿದ್ದರೆ ಮೈಸೂರಿನ ಸೆಂಟ್ರಲ್ ಜೈಲು, ತುಂಬದಿದ್ದರೆ ಬಾಲ ನ್ಯಾಯ ಮಂಡಳಿ ಮತ್ತು ವೀಕ್ಷಣಾಲಯ.

ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಅದುವರೆಗೆ ಸಮ್ಮತಿಯ ವಯಸ್ಸು 16 ಇತ್ತು. ಈ ಕಾಯ್ದೆ ಅದನ್ನು 18ಕ್ಕೆ ಏರಿಸಿತು. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಇನ್ನೂ ಕಠಿಣವಾಯಿತು. ಸಂಭೋಗ ನಡೆದಿದ್ದರೆ ಕನಿಷ್ಠ 10 ವರ್ಷ, ಹುಡುಗಿ 16ರೊಳಗಿನವಳಾದರೆ ಕನಿಷ್ಠ 20 ವರ್ಷ. ಒಂದಕ್ಕಿಂತ ಹೆಚ್ಚು ಸಲ ಸೇರಿದ್ದರೆ, ಅಥವಾ ಹುಡುಗಿ ಗರ್ಭಿಣಿಯಾದರೆ ಅಪರಾಧ ಮತ್ತೂ ಮೇಲಿನ ದರ್ಜೆಗೆ ಹೋಗಿ, ಕನಿಷ್ಠ ಶಿಕ್ಷೆ 20 ವರ್ಷವೇ ಆಗುತ್ತದೆ. ಬಲಾತ್ಕಾರವಾಗಿತ್ತೇ, ಇಬ್ಬರೂ ಒಪ್ಪಿದ್ದರೇ ಎಂದು ಕಾಯ್ದೆ ಕೇಳುವುದಿಲ್ಲ. ಹದಿನೇಳರ ಹುಡುಗಿ ನ್ಯಾಯಾಧೀಶರ ಮುಂದೆ ನಿಂತು “ನಾನೇ ಇಷ್ಟಪಟ್ಟು ಹೋದೆ ಸ್ವಾಮಿ” ಎಂದರೆ ಆ ಮಾತಿಗೆ ಕಾನೂನಿನಲ್ಲಿ ತೂಕವಿಲ್ಲ.

ಪೋಕ್ಸೊ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯೊಳಗಿನ ಚಿಕ್ಕಪ್ಪ, ಪಾಠ ಹೇಳುವ ಮೇಷ್ಟ್ರು, ಹಾಸ್ಟೆಲಿನ ಉಸ್ತುವಾರಿ, ಕೆಲಸ ಕೊಟ್ಟ ಯಜಮಾನ ಇಂಥವರ ಕೈಗೆ ಸಿಕ್ಕಿ ನಲುಗಿದ ಮಕ್ಕಳಿಗೆ 2012ಕ್ಕೆ ಮೊದಲು ಈ ದೇಶದಲ್ಲಿ ಸರಿಯಾದ ಕಾನೂನೇ ಇರಲಿಲ್ಲ. ಗಂಡುಮಗುವಿನ ಮೇಲೆ ನಡೆದ ದೌರ್ಜನ್ಯವನ್ನು ಹೆಸರಿಸಿ ಶಿಕ್ಷಿಸಲು ಸರಿಯಾದ ಕಲಮೂ ಇರಲಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ, ಸಮವಸ್ತ್ರವಿಲ್ಲದ ಪೊಲೀಸರು ಬರೆದುಕೊಳ್ಳಬೇಕು, ಕೋರ್ಟಿನಲ್ಲಿ ಮಗು ಆರೋಪಿಯ ಮುಖ ನೋಡುವಂತಾಗಬಾರದು, ವಿಚಾರಣೆ ಆದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಹೇಳಿದ ಕಾಯ್ದೆ ಇದು. ಅದರ ಒಂದೊಂದು ಅಕ್ಷರವೂ ಅಂಥ ಮಕ್ಕಳಿಗೆ ಬೇಕು. ಇಂಥ ಕಾಯ್ದೆ ಹಿಡಿಯಬೇಕಾದವನನ್ನು ಹಿಡಿಯಲಿ, ಅವನ ಪಕ್ಕದಲ್ಲಿ ಹದಿನೇಳರ ಪ್ರೇಮಿಯನ್ನು ಕೂರಿಸದಿರಲಿ ಎನ್ನುವುದಷ್ಟೇ ನನ್ನ ಮಾತು. ಕೊಟ್ಟಿಗೆಗೆ ಬಂದ ಚಿರತೆಗೆಂದು ಇಟ್ಟ ಬೋನಿನಲ್ಲಿ ಮನೆಯ ಕರು ಸಿಕ್ಕಿಕೊಂಡರೆ, ಬೋನು ಗಟ್ಟಿಯಾಗಿದೆ ಎಂದು ಸಂತೋಷಪಡುವವರು ಯಾರೂ ಇಲ್ಲ.

ವಯಸ್ಸಿನ ಮಾತು ಬಂತಲ್ಲ, ಅದರ ಬಗ್ಗೆಯೂ ಒಂದೆರಡು ಮಾತು ಆಡಬೇಕು. ನಮ್ಮ ಹಳ್ಳಿಗಳ ಹಿರಿಯರ ದಾಖಲೆಗಳನ್ನು ತೆಗೆದು ನೋಡಿ, ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸಲು ಕರೆತಂದ ದಿನ “ಯಾವಾಗ ಹುಟ್ಟಿದ್ದು?” ಎಂದರೆ “ದೊಡ್ಡಜಾತ್ರೆ ತೇರಿನ ಆಚೆ ಈಚೆ ಸ್ವಾಮಿ” ಎಂದವರ ಮಕ್ಕಳಿಗೆ ಹೆಡ್‌ಮೇಷ್ಟ್ರು ಬರೆದುಕೊಟ್ಟ ಹುಟ್ಟುಹಬ್ಬ ಅದು. ಈಗ ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಜನನ ಪ್ರಮಾಣಪತ್ರ ಸಿಗುತ್ತದೆ; ಆದರೂ ಶಾಲೆಗೆ ಸೇರಿಸುವ ವಯಸ್ಸಿಗೆ ಹೊಂದಿಸಲು ತಿಂಗಳು ಹಿಂದೆ ಮುಂದೆ ಆಗುವುದುಂಟು. ಬಾಲ ನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ವಯಸ್ಸು ತೀರ್ಮಾನಿಸಲು ಮೊದಲು ನೋಡುವುದು ಶಾಲೆಯ ದಾಖಲೆ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆ. ಯಾರೋ ಅಂದಾಜಿನಲ್ಲಿ ಬರೆದ ತಾರೀಕು ಹತ್ತು ವರ್ಷದ ಸೆರೆಯನ್ನೂ ಬಿಡುಗಡೆಯನ್ನೂ ಬೇರೆ ಮಾಡುವ ಗೆರೆಯಾಗುತ್ತದೆ.

ಒಂದೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹುಡುಗರನ್ನು ನೆನೆಸಿಕೊಳ್ಳಿ. ಒಬ್ಬನಿಗೆ ಹೋದ ತಿಂಗಳು ಹದಿನೆಂಟು ತುಂಬಿತು, ಇನ್ನೊಬ್ಬನಿಗೆ ಮುಂದಿನ ತಿಂಗಳು ತುಂಬುತ್ತದೆ. ಇಬ್ಬರೂ ಒಂದೇ ವಯಸ್ಸಿನ ಸಹಪಾಠಿಗಳನ್ನು ಪ್ರೀತಿಸಿ ಸಿಕ್ಕಿಬಿದ್ದರು. ಮೊದಲನೆಯವನು ನೇರ ಜೈಲಿಗೆ. ಎರಡನೆಯವನಾದರೂ ಪಾರಾದನೇ ಎಂದರೆ ಅದೂ ಖಾತ್ರಿಯಿಲ್ಲ.

ಅದು ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1986ರ ಕೇಂದ್ರದ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗರ ಬಾಲ್ಯ 16ಕ್ಕೆ ಮುಗಿಯುತ್ತಿತ್ತು, ಹುಡುಗಿಯರದು 18ಕ್ಕೆ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ಆರೋಪಿಗಳಲ್ಲಿ ಒಬ್ಬ ಹದಿನೆಂಟರೊಳಗಿನವನಾಗಿದ್ದ. ದೇಶವೆಲ್ಲ ಸಿಟ್ಟಿಗೆದ್ದಿತು. ಬಾಲಾಪರಾಧಿಯ ವಯಸ್ಸನ್ನು ಇಳಿಸಬೇಡಿ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಹೇಳಿದರೂ, 2015ರಲ್ಲಿ ಹೊಸ ಕಾಯ್ದೆ ಬಂತು. ಕನಿಷ್ಠ 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧ ಘೋರ ಅಪರಾಧ. ಅದನ್ನು 16 ತುಂಬಿದ ಹುಡುಗ ಮಾಡಿದ್ದಾನೆಂಬ ಆರೋಪವಿದ್ದರೆ, ಬಾಲ ನ್ಯಾಯ ಮಂಡಳಿ ಅವನ ಮನಸ್ಸು, ದೇಹಗಳ ಸಾಮರ್ಥ್ಯ, ಪರಿಣಾಮ ತಿಳಿಯುವ ಶಕ್ತಿ ಎಲ್ಲವನ್ನೂ ಮೂರು ತಿಂಗಳೊಳಗೆ ಅಳೆದು, ವಯಸ್ಕನಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಆ ಮೂರು ತಿಂಗಳ ಗಡುವೂ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕರ್ನಾಟಕದಿಂದಲೇ.

ದೆಹಲಿಯ ಬಸ್ಸಿನ ಕ್ರೌರ್ಯ ನೋಡಿ ಬರೆದ ಕಲಮು ಪೋಕ್ಸೊ ಜೊತೆ ಸೇರಿ ತಿರುಮಕೂಡಲಿನ ಪಿಯುಸಿ ಹುಡುಗನ ಕೊರಳಿಗೆ ಹೇಗೆ ಬಿದ್ದಿತು ನೋಡಿ. ಪೋಕ್ಸೊದಲ್ಲಿ ಕನಿಷ್ಠ ಶಿಕ್ಷೆ 10 ವರ್ಷ. ಹಾಗಾಗಿ ಅವನ ಪ್ರೀತಿಯೂ ಕಾನೂನಿನ ಲೆಕ್ಕದಲ್ಲಿ ಘೋರ ಅಪರಾಧ. ಮಂಡಳಿಯಲ್ಲೇ ತೀರ್ಮಾನವಾದರೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ, ಸಮಾಲೋಚನೆ, ಓದು. ಮಕ್ಕಳ ನ್ಯಾಯಾಲಯಕ್ಕೆ ಹೋಗಿ ವಯಸ್ಕನೆಂದು ವಿಚಾರಣೆಯಾದರೆ ಎದುರಿಗೆ 10 ವರ್ಷದ, 20 ವರ್ಷದ ಕಲಮುಗಳು. ಬಾಲಾಪರಾಧದ ಕಳಂಕ ಮುಂದಿನ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಕಾಯ್ದೆ ಕೊಟ್ಟ ರಕ್ಷಣೆಯೂ ಅವನ ಕೈತಪ್ಪುತ್ತದೆ. ಅವನಷ್ಟೇ ವಯಸ್ಸಿನ ಅವಳು ಅದೇ ಕಾನೂನಿಗೆ ಏನೂ ತಿಳಿಯದ ಮಗು, ಅವನು ಮಾತ್ರ ಎಲ್ಲ ತಿಳಿದ ಗಂಡಸು. ಇದು ನ್ಯಾಯವೇ?

ಹುಡುಗಿಯ ಕಷ್ಟವೂ ಕಡಿಮೆಯಿಲ್ಲ. ಹದಿನೆಂಟರೊಳಗೆ ಬಸಿರಾದವಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ ತಾಯಿ ಕಾರ್ಡು ಮಾಡಿಸಲು ಆಧಾರ್ ಕೇಳುತ್ತಾರೆ, ವಯಸ್ಸು ತಿಳಿಯುತ್ತದೆ. ಗೊತ್ತಾದದ್ದನ್ನು ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೊದ 19 ಮತ್ತು 21ನೇ ಕಲಮುಗಳಡಿ ವೈದ್ಯರಿಗೂ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಇದನ್ನು ಬಲ್ಲ ಮನೆಯವರು ಆಸ್ಪತ್ರೆ ಕಡೆ ತಲೆಯನ್ನೇ ಹಾಕುವುದಿಲ್ಲ. ರಕ್ತಹೀನತೆ, ರಕ್ತದೊತ್ತಡ, ಎಳೆಯ ಮೈಯ ಹೆರಿಗೆ ಯಾವುದನ್ನೂ ನೋಡುವವರಿಲ್ಲ. ಗರ್ಭಪಾತ ಬಯಸಿ ಬರುವ ಇಂಥ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ. ಆ ಮಾತು ನಮ್ಮ ಪ್ರತಿಯೊಬ್ಬ ಆಶಾ ಕಾರ್ಯಕರ್ತೆಗೂ, ಪ್ರತಿಯೊಂದು ಹೋಬಳಿಯ ವೈದ್ಯರಿಗೂ ಕನ್ನಡದಲ್ಲಿ ಮುಟ್ಟಬೇಕು. ಒಂದು ಸುತ್ತೋಲೆಯಿಂದ ಆಗುವ ಕೆಲಸ ಅದು. ಕೆಲವು ಹುಡುಗಿಯರ ಜೀವ ಅದರಿಂದ ಉಳಿಯುತ್ತದೆ.

ಇನ್ನು ಜಾತಿ. ನಮ್ಮ ಕಡೆ ಬೀದಿಯ ಹೆಸರು ಹೇಳಿದರೆ ಸಾಕು, ಮನುಷ್ಯನ ಕುಲಗೋತ್ರವೆಲ್ಲ ತಿಳಿದುಹೋಗುತ್ತದೆ. ಒಂದೇ ಬೀದಿಯ ಮಕ್ಕಳಾದರೆ ಯಜಮಾನರು ಕೂತು ಮಾತಾಡಿ, ಬೈದು, ಬುದ್ಧಿ ಹೇಳಿ ಮುಗಿಸುವುದುಂಟು. ಹುಡುಗ ಕೆಳಗಿನ ಬೀದಿಯವನಾದರೆ ಕಥೆಯೇ ಬೇರೆ. ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವ ಅವರು 1984ರಲ್ಲಿ ಬರೆದ ‘ಕುಸುಮಬಾಲೆ’ಯಲ್ಲಿ ಮೇಲುಜಾತಿಯ ಹೆಣ್ಣಿನ ಪ್ರೀತಿಗೆ ಸಿಕ್ಕ ದಲಿತ ಹುಡುಗನ ಗತಿ ಏನಾಯಿತೆಂದು ಓದಿದವರಿಗೆ ಗೊತ್ತು. ಆಗ ಪೋಕ್ಸೊ ಇರಲಿಲ್ಲ. ಈಗ ಕುಲದ ಸಿಟ್ಟು ಕಾನೂನಿನ ಬಟ್ಟೆ ತೊಟ್ಟು ಸ್ಟೇಷನ್ನಿಗೆ ಬರಬಹುದು. ಮಗಳ ಮಾನ ಎಂಬ ಹೆಸರಿನಲ್ಲಿ ಮಗಳ ಮಾತನ್ನೇ ಅಳಿಸಿ, ಆ ಹುಡುಗನನ್ನು ಹತ್ತು ವರ್ಷ ಒಳಗೆ ಹಾಕಿಸುವ ಶಕ್ತಿ ಒಂದು ದೂರಿಗಿದೆ. ಮಕ್ಕಳನ್ನು ಕಾಯಲು ಮಾಡಿದ ಕಾಯ್ದೆ ಜಾತಿಯ ಗೋಡೆ ಕಾಯುವ ಕೆಲಸಕ್ಕೆ ಬಳಕೆಯಾಗುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಈ ಸಂಕಟ ನ್ಯಾಯಾಲಯಗಳಿಗೂ ತಟ್ಟಿದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಮೇಲ್ಮನವಿ ಬಂತು. ಹದಿನೇಳರ ಹುಡುಗಿ 2017ರಲ್ಲಿ ಪ್ರೀತಿಸಿದವನ ಜೊತೆ ಹೋಗಿದ್ದಳು. ಕೇಸು ನಡೆಯುತ್ತಿರುವಾಗಲೇ ಇಬ್ಬರೂ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಕೆಳಗಿನ ಕೋರ್ಟು ಖುಲಾಸೆ ಮಾಡಿದ್ದರೂ ಸರ್ಕಾರ ಬಿಡದೆ ಮೇಲ್ಮನವಿ ಹಾಕಿತ್ತು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರು ಖುಲಾಸೆಯನ್ನು ಎತ್ತಿಹಿಡಿದು, 16 ತುಂಬಿದ ಹುಡುಗಿಯರ ಸಮ್ಮತಿಯ ವಿಚಾರವನ್ನು ಮತ್ತೆ ಯೋಚಿಸಿ ಎಂದು ಕೇಂದ್ರ ಕಾನೂನು ಆಯೋಗಕ್ಕೆ ಹೇಳಿದರು. ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾಯ್ದೆಯನ್ನು ತಿಳಿಸಿಕೊಡಿ ಎಂದು ನಮ್ಮ ಶಿಕ್ಷಣ ಇಲಾಖೆಗೂ ಹೇಳಿದರು. ಅದೇ ವರ್ಷ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 7,064 ಪೋಕ್ಸೊ ತೀರ್ಪುಗಳನ್ನು ಓದಿ, ಅವುಗಳಲ್ಲಿ 1,715 ಪ್ರೇಮ ಪ್ರಕರಣಗಳೆಂದು ಕಂಡಿತು. ಸುಮಾರು ನಾಲ್ಕರಲ್ಲೊಂದು! ಅಂಥ ಪ್ರಕರಣಗಳಲ್ಲಿ ನೂರಕ್ಕೆ 93ಕ್ಕಿಂತ ಹೆಚ್ಚು ಖುಲಾಸೆಯಲ್ಲಿ ಮುಗಿದಿದ್ದವು. ಹಾಗೆಂದು ಆ ಹುಡುಗರು ಗೆದ್ದರೆನ್ನಲಾಗದು. ಖುಲಾಸೆ ಬರುವಷ್ಟರಲ್ಲಿ ಪರೀಕ್ಷೆ ತಪ್ಪಿರುತ್ತದೆ, ಜಮೀನು ಅಡ ಇಟ್ಟಾಗಿರುತ್ತದೆ, ಅಮ್ಮ ಹಾಸಿಗೆ ಹಿಡಿದಿರುತ್ತಾಳೆ.

ಕಾನೂನು ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿ ಕೊಟ್ಟಿತು. ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ. ವಯಸ್ಸನ್ನು ಇಳಿಸುವುದು ಬೇಡ, 16ರಿಂದ 18ರವರು ಒಪ್ಪಿ ನಡೆದ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಡಿ ಎಂಬುದು ಅದರ ಸಲಹೆ. ಸುಪ್ರೀಂ ಕೋರ್ಟಿಗೆ ನೆರವಾಗುತ್ತಿರುವ ಹಿರಿಯ ವಕೀಲೆ ಇಂದಿರಾ ಜೈಸಿಂಗ್ 2025ರಲ್ಲಿ ಈ ವಯಸ್ಸಿನವರ ಒಪ್ಪಿತ ಸಂಬಂಧಗಳಿಗೆ ವಿನಾಯಿತಿ ಕೇಳಿದಾಗ ಕೇಂದ್ರ ಸರ್ಕಾರ ವಿರೋಧಿಸಿತು. ಇಳಿಸಿದರೆ ಬಾಲ್ಯವಿವಾಹ ಹೆಚ್ಚುತ್ತದೆ, ಹೆಣ್ಣುಮಕ್ಕಳ ಸಾಗಣೆ ಮಾಡುವವರಿಗೆ ದಾರಿಯಾಗುತ್ತದೆ ಎಂಬ ಆಯೋಗದ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಹೆಣ್ಣು ಹೆತ್ತವರೆಲ್ಲರ ಎದೆಯಲ್ಲೂ ಆ ಭಯವಿದೆ. ಆದರೆ ಊರಿನಲ್ಲಿ ನಡೆಯುವುದನ್ನು ನೋಡಿ. ಕೇಸು ಬಿದ್ದೀತೆಂಬ ಭಯಕ್ಕೇ “ಹೆಂಗೂ ಆಗೋಯ್ತು, ತಾಳಿ ಕಟ್ಟಿಸ್ಬುಡಿ” ಎಂದು ಆತುರದ ಮದುವೆ ಮಾಡುತ್ತಾರೆ. ಮದುವೆಯಾಗಿ ಮಗುವಾದರೆ ಹೈಕೋರ್ಟಿನಲ್ಲಿ ಕೇಸು ರದ್ದಾದೀತೆಂಬ ಆಸೆಯೂ ಇರುತ್ತದೆ. ಹಾಗೆ ರದ್ದಾದದ್ದೂ ಉಂಟು. ಬಾಲ್ಯವಿವಾಹ ತಡೆಯಬೇಕಾದ ಕಾನೂನೇ ಮಕ್ಕಳನ್ನು ಮದುವೆಗೆ ದೂಡುವಂತಾಗಿದೆ. ಇನ್ನು ಶಿಕ್ಷೆಯ ಹಂತದಲ್ಲಿ ಕೊಡುವ ವಿವೇಚನೆ ತುಂಬ ತಡವಾದ ಔಷಧ. ಬಂಧನ, ತಪಾಸಣೆ, ಊರಿನ ಬಾಯಿ, ವರ್ಷಗಟ್ಟಲೆ ವಾಯಿದೆ, ಇವೆಲ್ಲ ತೀರ್ಪಿಗೆ ಮೊದಲೇ ಆಗಿಹೋಗಿರುತ್ತವೆ.

ಇದೆಲ್ಲ ದೆಹಲಿಯಲ್ಲಿ ಆಗಬೇಕಾದದ್ದು, ನಾವೇನು ಮಾಡಲಾದೀತು ಎನ್ನುವವರಿಗೆ ನಮ್ಮದೇ ಚರಿತ್ರೆ ಉತ್ತರ ಹೇಳುತ್ತದೆ. 1860ರ ದಂಡಸಂಹಿತೆಯಲ್ಲಿ ಸಮ್ಮತಿಯ ವಯಸ್ಸು ಬರೀ 10. 1891ರಲ್ಲಿ ಅದು 12 ಆದಾಗ ತಿಲಕರಂಥವರೇ ಧರ್ಮ ಕೆಟ್ಟಿತೆಂದು ವಿರೋಧಿಸಿದರು. ಮೂರೇ ವರ್ಷಕ್ಕೆ, 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ನಮ್ಮ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಬ್ರಿಟಿಷ್ ಭಾರತದಲ್ಲಿ ಮದುವೆಯ ವಯಸ್ಸಿಗೆ ಕಡಿವಾಣ ಹಾಕಿದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ನಂಜನಗೂಡು, ನರಸೀಪುರದ ಹೆಣ್ಣುಮಕ್ಕಳಿಗೆ 35 ವರ್ಷ ಮೊದಲೇ ಕಾನೂನಿನ ಆಸರೆ ಸಿಕ್ಕಿತ್ತು. ಸಮ್ಮತಿಯ ವಯಸ್ಸು ಮುಂದೆ 16 ಆಗಿ, 2012ರವರೆಗೆ ದಶಕಗಟ್ಟಲೆ ಹಾಗೆಯೇ ಇತ್ತು. ಅಷ್ಟೂ ವರ್ಷ ನಮ್ಮ ಸಮಾಜವೇನೂ ಕೆಟ್ಟುಹೋಗಿರಲಿಲ್ಲ.

ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯದ ವಿಧಾನಮಂಡಲ ತಿದ್ದುಪಡಿ ಮಾಡಿ, 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಪಡೆದರೆ ಅದು ಆ ರಾಜ್ಯದಲ್ಲಿ ನಡೆಯುತ್ತದೆ. ಕರ್ನಾಟಕ ಇದೇ ದಾರಿಯಲ್ಲಿ ನಡೆದು, 2017ರಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಲಿ ಎಂದಿತು. ಮದುವೆಯ ವಯಸ್ಸಿಗೆ ಕಾವಲು ಅಷ್ಟು ಬಿಗಿಯಾಗಿರುವಾಗ, ಹದಿಹರೆಯದವರ ಪ್ರೀತಿಯನ್ನು ಜೈಲಿನಿಂದ ಬಿಡಿಸಿದರೆ ಬಾಲ್ಯವಿವಾಹಕ್ಕೆ ಬಾಗಿಲು ತೆರೆದಂತೆ ಆಗುವುದಿಲ್ಲ.

ನಾನು ಬೇಡುವ ತಿದ್ದುಪಡಿ ದೊಡ್ಡದೇನಲ್ಲ. 18 ಎಂಬ ಗೆರೆ ಇರಲಿ. ಇಬ್ಬರಿಗೂ 16 ತುಂಬಿದ್ದು, ವಯಸ್ಸಿನ ಅಂತರ ಮೂರು ನಾಲ್ಕು ವರ್ಷದೊಳಗಿದ್ದು, ಬಲ, ಬೆದರಿಕೆ, ಮೋಸ ಯಾವುದೂ ಇಲ್ಲದೆ, ಒಬ್ಬರ ಮೇಲೆ ಇನ್ನೊಬ್ಬರಿಗೆ ಮೇಷ್ಟ್ರು, ಪೋಷಕ, ಯಜಮಾನ ಎಂಬ ಅಧಿಕಾರವೂ ಇಲ್ಲದಿದ್ದರೆ ಅದು ಅಪರಾಧವಲ್ಲ ಎಂಬ ಒಂದು ವಿನಾಯಿತಿ ಬೇಕು. ಇಂಥ ದೂರು ಬಂದಾಗ ಹುಡುಗಿಯ ಮಾತನ್ನು ಮನೆಯವರಿಲ್ಲದ ಕಡೆ, ನುರಿತ ಆಪ್ತಸಮಾಲೋಚಕಿಯ ಮುಂದೆ ಕೇಳಬೇಕು. ಅವಳು ಹೆದರಿ ಹೌದೆನ್ನುತ್ತಿದ್ದಾಳೋ ಮನಸಾರೆ ಹೇಳುತ್ತಿದ್ದಾಳೋ ಅಲ್ಲಿ ತಿಳಿಯುತ್ತದೆ. ಹದಿನೆಂಟರೊಳಗಿನ ಯಾವ ಹುಡುಗನನ್ನೂ ಪ್ರೀತಿಯ ಕಾರಣಕ್ಕೆ ವಯಸ್ಕನೆಂದು ಕೋರ್ಟಿಗೆ ಒಪ್ಪಿಸಬಾರದು. ಬಾಲ ನ್ಯಾಯ ಮಂಡಳಿಯೇ ಅವನ ವಿಚಾರ ನೋಡಲಿ. ಒತ್ತಾಯ ಮಾಡಿದವನು ಹುಡುಗನೇ ಆಗಿರಲಿ, ಅವನಿಗೆ ಈ ವಿನಾಯಿತಿ ಸಿಗಬಾರದು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಧಾರವಾಡದ ತೀರ್ಪು ಹೇಳಿದಂತೆ ಒಂಬತ್ತನೇ ತರಗತಿಯ ಮಕ್ಕಳಿಗೆ ಮೈ, ಮನಸ್ಸು, ಒಪ್ಪಿಗೆ, ಕಾಯ್ದೆ ಇವನ್ನೆಲ್ಲ ಬಿಚ್ಚಿ ಹೇಳುವ ಮೇಷ್ಟ್ರೂ ಮೇಡಮ್ಮೂ ಪ್ರತಿ ಶಾಲೆಗೆ ಬೇಕು. ಬೇಡ ಎನ್ನಲು ಕಲಿತ ಹುಡುಗಿ, ಬೇಡ ಎಂದಾಗ ನಿಲ್ಲಲು ಕಲಿತ ಹುಡುಗ, ಈ ಇಬ್ಬರಿಗಿಂತ ದೊಡ್ಡ ಕಾವಲು ಯಾವ ಕಲಮಿನಲ್ಲೂ ಇಲ್ಲ. ಕಷ್ಟ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂದು ಮಕ್ಕಳಿಗೆ ಬಾಯಿಪಾಠವಾಗಿರಬೇಕು. ಮಗಳು ಪ್ರೀತಿಯ ವಿಷಯ ಮನೆಯಲ್ಲಿ ಹೇಳಿದರೆ ಹೊಡೆಯದೆ ಕೇಳುವ ಅಪ್ಪಂದಿರೂ ಬೇಕು.

ನಂಜನಗೂಡು, ಟಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಕೆಳಗಿನ ಬೀದಿಯ ಹುಡುಗನ ಮೇಲೆ ಕೇಸು ಬಿದ್ದರೆ ಆ ಮನೆ ಹೇಗೆ ಮುರಿಯುತ್ತದೆಂದು ಈ ಎರಡು ಕ್ಷೇತ್ರಗಳಿಂದ ಗೆದ್ದು ಹೋದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮುಂದಿನ ಸಲ ಓಟು ಕೇಳಲು ಬಂದವರನ್ನು ರಸ್ತೆ, ನೀರು, ನಾಲೆಯ ಬಗ್ಗೆ ಕೇಳುವಾಗ ಇದನ್ನೂ ಕೇಳೋಣ: ನಮ್ಮ ಮಕ್ಕಳನ್ನು ಪೀಡಕರಿಂದ ಕಾಯುವ, ಹಾಗೆಯೇ ಅವರ ಹದಿನೇಳನ್ನು ಅಪರಾಧವೆನ್ನದ ತಿದ್ದುಪಡಿ ಮಸೂದೆಯನ್ನು ವಿಧಾನಸಭೆಯಲ್ಲಿ ಎಂದು ಮಂಡಿಸುತ್ತೀರಿ?